ಠೇವಣಿ ಹೋದರೂ ಸರಿ

1996ರ ಲೋಕಸಭಾ ಚುನಾವಣೆ. ಬೆಳಗಾವಿಯ ಕಣದಲ್ಲಿ 456 ಮಂದಿ! ಗಡಿ ತಕರಾರಿನತ್ತ ದೆಹಲಿಯ ಕಣ್ಣು ಸೆಳೆಯಲು ಮಹಾರಾಷ್ಟ್ರ ಏಕೀಕರಣ ಸಮಿತಿಯ ಬೆಂಬಲಿಗರು ಸಾಲುಗಟ್ಟಿ ನಾಮಪತ್ರ ಹಾಕಿದ್ದರು.

ಆಗಿನ ಆಂಧ್ರಪ್ರದೇಶದ ನಲ್ಗೊಂಡದ ಸಿಟ್ಟು ಬೇರೆ. ಫ್ಲೋರೈಡ್ ನೀರು ಕುಡಿದು ಮೂಳೆ ಸೊಟ್ಟಗಾಗುತ್ತಿದ್ದರೂ ಪಕ್ಷಗಳು ಕಿವಿಗೊಡಲಿಲ್ಲವೆಂದು ಅಲ್ಲಿ ಸ್ಪರ್ಧಿಸಿದವರು 480. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಂತೂ ರೈತರ ಪ್ರತಿಭಟನೆಯಿಂದ ಅಭ್ಯರ್ಥಿಗಳ ಸಂಖ್ಯೆ 1033 ಮುಟ್ಟಿತು. ಮತಪತ್ರವನ್ನು ಪುಸ್ತಕದ ರೂಪದಲ್ಲಿ ಅಚ್ಚು ಹಾಕಿಸಬೇಕಾಯಿತು.

ಗೆದ್ದವರು ಮಾತ್ರ ಪಕ್ಷದವರೇ: ಬೆಳಗಾವಿಯಲ್ಲಿ ಜನತಾದಳ, ನಲ್ಗೊಂಡದಲ್ಲಿ ಸಿಪಿಐ, ಮೊಡಕುರಿಚಿಯಲ್ಲಿ ಡಿಎಂಕೆ.

ಸರ್ಕಾರ ಕಂಡುಕೊಂಡ ಮದ್ದು ಬಾಗಿಲು ಬಿಗಿ ಮಾಡುವುದು. ಅದೇ ವರ್ಷ ಲೋಕಸಭೆಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಜಿಗಿಯಿತು. ಯಾರೂ ಬೇಡವೆನ್ನುವ ‘ನೋಟಾ’ ಗುಂಡಿ ಮತಯಂತ್ರಕ್ಕೆ ಬಂದದ್ದು 2013ರಲ್ಲಿ.