ಆತ್ಮೋಪದೇಶದ ಪರಂಪರೆ: ತಿರುವನಂತಪುರದಿಂದ ಬೆಂಗಳೂರು, ಆಲುವ

'ಆತ್ಮೋಪದೇಶಶತಕ' ನೂರು ಪದ್ಯಗಳ ಮಲಯಾಳಂ ಕೃತಿ. ನಾರಾಯಣ ಗುರುಗಳು ಇದನ್ನು ರಚಿಸಿದ್ದು 1897ರಲ್ಲಿ. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದವರು ಎಂದು ಕನ್ನಡಿಗರು ಗುರುಗಳನ್ನು ಬಲ್ಲರು. ದೇವಸ್ಥಾನದ ಹೊರಗೆ ನಿಲ್ಲಬೇಕಾಗಿದ್ದ ಜನರಿಗೆ ದೇವಸ್ಥಾನವನ್ನೇ ಕಟ್ಟಿಕೊಟ್ಟ ಸುಧಾರಕರೆಂಬ ಗೌರವ ಕರಾವಳಿಯ ಮನೆಮನೆಯಲ್ಲೂ ಇದೆ. ಮನಸ್ಸಿನ ಚಲನೆಯನ್ನು ಅತಿ ಸೂಕ್ಷ್ಮವಾಗಿ ಗಮನಿಸಿ ಬರೆದಿಟ್ಟ ಚಿಂತಕರಾಗಿ ಅವರ ಪರಿಚಯ ಇಲ್ಲಿ ಅಷ್ಟಾಗಿ ಆಗಿಲ್ಲ. ವ್ಯಕ್ತಿಯ ಒಳಗಿನ ಬೆಳವಣಿಗೆ ಮತ್ತು ಸಮಾಜದಲ್ಲಿ ಅವನ ಮಾನ, ಇವೆರಡನ್ನೂ ಒಂದೇ ಕೆಲಸವಾಗಿ ಕಂಡ ಒಂದು ಪರಂಪರೆ ಅವರಿಂದ ಆರಂಭವಾಯಿತು. ಅದರ ಇತಿಹಾಸದಲ್ಲಿ ತಿರುವನಂತಪುರ ಮತ್ತು ಆಲುವಕ್ಕೆ ಇರುವಷ್ಟೇ ಪಾಲು ಬೆಂಗಳೂರಿಗೂ ಇದೆ.

ಗುರುಗಳು ಹುಟ್ಟಿದ್ದು 1850ರ ದಶಕದ ನಡುವೆ, ತಿರುವನಂತಪುರದ ಹತ್ತಿರದ ಚೆಂಬಳಂತಿಯಲ್ಲಿ. ತಂದೆ ಮಾಡನ್ ಆಶಾನ್ ಊರಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವರು. ಅವರದು ಈಳವ ಜಾತಿಯ ಕುಟುಂಬ. ಅಂದಿನ ತಿರುವಾಂಕೂರಿನಲ್ಲಿ ಈಳವರಿಗೆ ದೇವಸ್ಥಾನದ ಒಳಗೆ ಪ್ರವೇಶವಿರಲಿಲ್ಲ, ಸರ್ಕಾರಿ ಹುದ್ದೆಯೂ ಸಿಗುತ್ತಿರಲಿಲ್ಲ. ಆದರೂ ಆಯುರ್ವೇದ ಮತ್ತು ಸಂಸ್ಕೃತದ ಓದು ಆ ಸಮುದಾಯದ ಕೆಲವು ಮನೆಗಳಲ್ಲಿ ತಲೆಮಾರುಗಳಿಂದ ಉಳಿದುಬಂದಿತ್ತು. ನಾಣು ಎಂದು ಕರೆಸಿಕೊಳ್ಳುತ್ತಿದ್ದ ಹುಡುಗ ಕಾಯಂಕುಳದ ಕಡೆ ಹೋಗಿ ರಾಮನ್ ಪಿಳ್ಳೆ ಆಶಾನ್ ಅವರಲ್ಲಿ ಕಾವ್ಯ, ವ್ಯಾಕರಣ, ವೇದಾಂತ ಓದಿದ. ಮುಂದೆ ಇನ್ನೊಬ್ಬ ಅಧ್ಯಾತ್ಮ ಸಾಧಕ ಚಟ್ಟಂಬಿ ಸ್ವಾಮಿಗಳ ಒಡನಾಟ ದೊರೆಯಿತು. ಇಬ್ಬರೂ ಯೋಗ ಕಲಿತದ್ದು ತೈಕ್ಕಾಡ್ ಅಯ್ಯಾವು ಎಂಬ ತಮಿಳು ಯೋಗಿಯಿಂದ. ತಿರುವನಂತಪುರದ ಬ್ರಿಟಿಷ್ ರೆಸಿಡೆನ್ಸಿಯಲ್ಲಿ ಮೇಲ್ವಿಚಾರಕನ ನೌಕರಿ ಮಾಡಿಕೊಂಡು ಸಂಸಾರದಲ್ಲಿದ್ದವರು ಆ ಗುರು. ಆ ಕಾಲದ ರಾಜಧಾನಿಯಲ್ಲಿ ನಾಯರ್, ಈಳವ, ತಮಿಳರೆಲ್ಲ ಒಟ್ಟಿಗೆ ಕೂತು ಅಧ್ಯಾತ್ಮ ಚರ್ಚಿಸಿದ ಬಳಗ ಇದ್ದದ್ದು ಅಚ್ಚರಿಯ ಸಂಗತಿ. ಈ ಬಳಗವಿಲ್ಲದೆ ಮುಂದಿನದನ್ನು ಊಹಿಸುವುದು ಕಷ್ಟ.

ಕನ್ಯಾಕುಮಾರಿಗೆ ಹತ್ತಿರದ ಮರುತ್ವಮಲೆಯ ಗುಹೆಯಲ್ಲಿ ತಪಸ್ಸು ಮಾಡಿದ ಬಳಿಕ ಗುರುಗಳು ನೆಯ್ಯಾರ್ ನದಿಯ ದಂಡೆಯ ಅರುವಿಪ್ಪುರಕ್ಕೆ ಬಂದರು. 1888ರ ಶಿವರಾತ್ರಿಯಂದು ನದಿಯೊಳಗಿನ ಕಲ್ಲೊಂದನ್ನು ಎತ್ತಿ ತಂದು ಶಿವನೆಂದು ಪ್ರತಿಷ್ಠಾಪಿಸಿದರು. ಪ್ರತಿಷ್ಠೆಯ ಹಕ್ಕು ತಮ್ಮದು ಎಂದುಕೊಂಡಿದ್ದವರಿಗೆ ಇದು ದೊಡ್ಡ ಆಘಾತ. ಜಾತಿಭೇದವಾಗಲಿ ಮತದ್ವೇಷವಾಗಲಿ ಇಲ್ಲದೆ ಎಲ್ಲರೂ ಸೋದರರಂತೆ ಬಾಳುವ ಸ್ಥಳ ಇದು ಎಂಬರ್ಥದ ಬರಹವನ್ನು ಅಲ್ಲಿ ಹಾಕಿಸಿದರು. ಆತ್ಮೋಪದೇಶಶತಕ ಹುಟ್ಟಿದ್ದು ಈ ಕ್ರಿಯೆಯ ಬೆನ್ನಿಗೇ, ಒಂಬತ್ತು ವರ್ಷಗಳ ಅಂತರದಲ್ಲಿ. ಕಾಡು ಸೇರಿ ಲೋಕ ಮರೆತವರ ಗ್ರಂಥವೆಂದು ಅದನ್ನು ಓದುವುದು ತಪ್ಪಾಗುತ್ತದೆ.

ಕೃತಿಯ ಮುಖ್ಯ ವಿಚಾರ ಅರಿವು. ಅರಿಯುವವನು, ಅರಿಯಲ್ಪಡುವ ವಸ್ತು, ಅರಿಯುವ ಕ್ರಿಯೆ ಮೂರೂ ಒಂದೇ ಅರಿವಿನ ಬೇರೆ ಬೇರೆ ರೂಪಗಳೆಂಬ ಅದ್ವೈತದ ನಿಲುವಿನಿಂದ ಅದು ಹೊರಡುತ್ತದೆ. ಗುರುಗಳು ಅದನ್ನು ಶಾಸ್ತ್ರವಾಕ್ಯಗಳ ಬಲದಿಂದ ಸಾಧಿಸುವುದಿಲ್ಲ. ದಿನನಿತ್ಯದ ಅನುಭವವನ್ನೇ ಎದುರಿಗಿಟ್ಟು ಬಿಡಿಸುತ್ತಾರೆ. ಕತ್ತಲೆಯಲ್ಲಿ ಕೂತವನನ್ನು ಯಾರೆಂದು ಕೇಳಿದರೆ ಅವನು ನಾನು ಅನ್ನುತ್ತಾನೆ. ಅವನು ತಿರುಗಿ ನೀನು ಯಾರು ಎಂದರೆ ಕೇಳಿದವನ ಉತ್ತರವೂ ಅದೇ. ಬೆಳಕಿನಲ್ಲಿ ಕಾಣುವ ಮೈಬಣ್ಣ, ಉಡುಪು, ಜಾತಿಯ ಗುರುತು ಕತ್ತಲೆಯಲ್ಲಿ ಕಾಣುವುದಿಲ್ಲ. ಉಳಿಯುವುದು ಇಬ್ಬರಲ್ಲೂ ಇರುವ ನಾನು ಮಾತ್ರ. ದೂರದಿಂದಲೇ ಕೂಗಿ ತಮ್ಮ ಬರವನ್ನು ತಿಳಿಸಬೇಕಾಗಿದ್ದ ಜನರಿದ್ದ ನಾಡಿನಲ್ಲಿ ಈ ದೃಷ್ಟಾಂತವನ್ನು ಕೇಳಿದವರಿಗೆ ಅದರ ಸಾಮಾಜಿಕ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಮನಶ್ಶಾಸ್ತ್ರದ ದೃಷ್ಟಿಯಿಂದ ಕೃತಿಯ ಅತ್ಯಂತ ಮೌಲಿಕ ಭಾಗ ಮೂವತ್ತಾರನೆಯ ಪದ್ಯದಿಂದ ಮುಂದೆ ಬರುತ್ತದೆ. ಅರಿವಿನ ಶಕ್ತಿಗಳು ಹಲವಿದ್ದರೂ ಅವನ್ನೆಲ್ಲ ಸಮ ಮತ್ತು ಅನ್ಯ ಎಂದು ಎರಡಾಗಿ ಮಾಡಬಹುದು ಎನ್ನುತ್ತಾರೆ ಗುರುಗಳು. ಅನ್ಯವೆಂಬುದು ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ನೋಡುವ ಬಗೆ: ಇದು ಮಡಕೆ, ಅದು ಬಟ್ಟೆ, ಇವನು ನಮ್ಮವನು, ಅವನು ಹೊರಗಿನವನು. ಸಮವೆಂಬುದು ಈ ಎಲ್ಲದರ ಅಡಿಯಲ್ಲಿರುವ ಒಂದೇ ನೆಲೆಯನ್ನು ಗುರುತಿಸುವ ಬಗೆ. ಅನ್ಯವನ್ನು ಗೆಲ್ಲುವುದು ಸುಲಭವಲ್ಲ, ವಿವೇಕದಿಂದಲೇ ಅದನ್ನು ದಾಟಬೇಕು. ಹಾಗೆ ದಾಟಿ ಸಮದಲ್ಲಿ ನೆಲೆಸುವುದೇ ಮನುಷ್ಯನ ಬೆಳವಣಿಗೆ. ಇಷ್ಟರಲ್ಲೇ ಕೃತಿ ನಿಲ್ಲುವುದಿಲ್ಲ. ತನ್ನ ಸುಖಕ್ಕಾಗಿ ಒಬ್ಬ ಮಾಡುವುದು ಮತ್ತೊಬ್ಬನ ಸುಖಕ್ಕೂ ಒದಗಬೇಕು ಎಂಬ ನೀತಿಯನ್ನು ಗುರುಗಳು ಇದೇ ನೆಲೆಯಿಂದ ಪಡೆಯುತ್ತಾರೆ. ಎಲ್ಲರೂ ಎಲ್ಲ ಕಾಲದಲ್ಲೂ ಆತ್ಮಸುಖಕ್ಕಾಗಿಯೇ ದುಡಿಯುತ್ತಿದ್ದಾರೆ, ಆದ್ದರಿಂದ ಮತಗಳ ಜಗಳಕ್ಕೆ ಬುಡವಿಲ್ಲ ಎಂಬ ತೀರ್ಮಾನವೂ ಅಲ್ಲಿಂದಲೇ ಬರುತ್ತದೆ. 1916ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ದರ್ಶನಮಾಲಾ' ಈ ವಿಚಾರಗಳನ್ನು ಅಧ್ಯಾರೋಪದಿಂದ ನಿರ್ವಾಣದವರೆಗೆ ಹತ್ತು ದರ್ಶನಗಳಾಗಿ, ಒಂದೊಂದರಲ್ಲಿ ಹತ್ತು ಶ್ಲೋಕಗಳಂತೆ, ಶಿಸ್ತಾಗಿ ಜೋಡಿಸುತ್ತದೆ.

ಬೆಂಗಳೂರು ಈ ಕಥೆಯೊಳಗೆ ಬರುವುದು ಡಾ. ಪಲ್ಪು ಅವರಿಂದ. ತಿರುವನಂತಪುರದ ಪೇಟ್ಟದಲ್ಲಿ 1863ರಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯ ಪದವಿ ಪಡೆದ ಪಲ್ಪು ಅವರಿಗೆ ಈಳವರೆಂಬ ಕಾರಣಕ್ಕೆ ಹುಟ್ಟೂರಿನಲ್ಲಿ ಕೆಲಸ ಸಿಗಲಿಲ್ಲ. ಮೈಸೂರು ಸಂಸ್ಥಾನ ಅವರನ್ನು ಸೇವೆಗೆ ತೆಗೆದುಕೊಂಡಿತು. ಬೆಂಗಳೂರಿನಲ್ಲಿ ಪ್ಲೇಗ್ ಹಬ್ಬಿದಾಗ ರೋಗಿಗಳ ನಡುವೆ ನಿಂತು ದುಡಿದವರು ಅವರು. 1892ರಲ್ಲಿ ಬೆಂಗಳೂರಿಗೆ ಬಂದ ವಿವೇಕಾನಂದರನ್ನು ಕಂಡಾಗ, ಜನರನ್ನು ಒಗ್ಗೂಡಿಸಬೇಕಾದರೆ ಒಬ್ಬ ಅಧ್ಯಾತ್ಮ ಪುರುಷನನ್ನು ಮುಂದಿಟ್ಟುಕೊಳ್ಳಬೇಕೆಂಬ ಸಲಹೆ ಪಲ್ಪು ಅವರಿಗೆ ಸಿಕ್ಕಿತು. 1896ರಲ್ಲಿ 13,176 ಜನರ ಸಹಿಯುಳ್ಳ ಮನವಿಯನ್ನು ಅವರು ತಿರುವಾಂಕೂರು ಮಹಾರಾಜರಿಗೆ ಸಲ್ಲಿಸಿದರು. ನಾರಾಯಣ ಗುರುಗಳ ಶಿಷ್ಯ, ಮುಂದೆ ಮಲಯಾಳಂನ ಮಹಾಕವಿಯಾದ ಕುಮಾರನ್ ಆಶಾನ್ 1895ರಿಂದ ಪಲ್ಪು ಅವರ ಆಶ್ರಯದಲ್ಲಿದ್ದುಕೊಂಡು ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯಲ್ಲಿ ಓದಿದರು. ಪ್ಲೇಗ್ ಬಂದದ್ದರಿಂದ ಊರು ಬಿಡಬೇಕಾಯಿತು. 1903ರಲ್ಲಿ ಶ್ರೀನಾರಾಯಣ ಧರ್ಮಪರಿಪಾಲನ ಯೋಗಂ ಸ್ಥಾಪನೆಯಾದಾಗ ಅದರ ಮೊದಲ ಕಾರ್ಯದರ್ಶಿ ಆಶಾನ್. ಕೇರಳದ ನವೋದಯಕ್ಕೆ ಬೆಂಗಳೂರು ಕೊಟ್ಟ ಈ ನೆರವನ್ನು ಕನ್ನಡದ ಇತಿಹಾಸಗಳು ಇನ್ನಷ್ಟು ಗಮನಿಸಬೇಕು.

ಕೊಚ್ಚಿಯ ಕಲೂರಿನಲ್ಲಿ ಈಗ ಮೆಟ್ರೊ ಹತ್ತಿದರೆ ಉತ್ತರದ ಕೊನೆಯ ನಿಲ್ದಾಣ ಆಲುವ. ಪೆರಿಯಾರ್ ನದಿಯ ದಂಡೆಯ ಈ ಪಟ್ಟಣದಲ್ಲಿ ಗುರುಗಳು 1913ರಲ್ಲಿ ಅದ್ವೈತಾಶ್ರಮ ಸ್ಥಾಪಿಸಿದರು. ಅಲ್ಲಿ ಮೂರ್ತಿ ಪ್ರತಿಷ್ಠೆ ಮಾಡಲಿಲ್ಲ. ಸಂಸ್ಕೃತ ಪಾಠಶಾಲೆ ತೆರೆದರು. 1924ರ ಶಿವರಾತ್ರಿಯ ಹೊತ್ತಿಗೆ ಅಲ್ಲಿ ಸರ್ವಮತ ಸಮ್ಮೇಳನ ನಡೆಯಿತು. ಸೇರಿರುವುದು ವಾದಿಸಿ ಗೆಲ್ಲಲು ಅಲ್ಲ, ತಿಳಿಯಲು ಮತ್ತು ತಿಳಿಸಲು ಎಂಬ ಸೂಚನೆಯನ್ನು ಬಾಗಿಲಲ್ಲೇ ಹಾಕಲಾಗಿತ್ತು. 1927ರಲ್ಲಿ ಚೇರ್ತಲದ ಬಳಿಯ ಕಳವಂಕೋಡದಲ್ಲಿ ಗುರುಗಳು ಓಂಕಾರವಿದ್ದ ಕನ್ನಡಿಯನ್ನು ಪ್ರತಿಷ್ಠಾಪಿಸಿದರು. ಗರ್ಭಗುಡಿಯ ಮುಂದೆ ನಿಂತ ಭಕ್ತನಿಗೆ ಕಾಣುವುದು ತನ್ನದೇ ಮುಖ. ನದಿಯ ಕಲ್ಲಿನಿಂದ ಕನ್ನಡಿಯವರೆಗಿನ ಈ ಮೂವತ್ತೊಂಬತ್ತು ವರ್ಷಗಳಲ್ಲಿ ಅವರ ಬೋಧನೆ ಎತ್ತ ಸಾಗಿತ್ತೆಂಬುದು ಸ್ಪಷ್ಟ.

ಆಲುವದ ಸಮ್ಮೇಳನ ನಡೆದ 1924ರಲ್ಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಕಲ್ಕತ್ತದ ನಂತರ ದೇಶದಲ್ಲಿ ಅದು ಎರಡನೆಯದು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಓದಿಬಂದ ಎಂ.ವಿ. ಗೋಪಾಲಸ್ವಾಮಿ ಅದರ ಸ್ಥಾಪಕರು.  ಅವರ ವಿಭಾಗ ಪ್ರಯೋಗ ಮತ್ತು ಬುದ್ಧಿಮಾಪನದ ದಾರಿ ಹಿಡಿಯಿತು. ಭಾರತೀಯ ದರ್ಶನಗಳಲ್ಲಿನ ಮನೋವಿಚಾರವನ್ನು ಆಧುನಿಕ ಮನಶ್ಶಾಸ್ತ್ರದ ಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ಕನ್ನಡ ನಾಡಿನಲ್ಲಿ ಸಮರ್ಥವಾಗಿ ಮಾಡಿದವರು ಮುಂದಿನ ತಲೆಮಾರಿನ ಸಾ.ಕೃ. ರಾಮಚಂದ್ರರಾಯರು. ಭಾರತದ ಮನಶ್ಶಾಸ್ತ್ರೀಯ ಚಿಂತನೆಯ ಬೆಳವಣಿಗೆ ಕುರಿತ ಅವರ ಇಂಗ್ಲಿಷ್ ಗ್ರಂಥ 1962ರಲ್ಲಿ ಮೈಸೂರಿನಿಂದ ಪ್ರಕಟವಾಯಿತು.

ಪಶ್ಚಿಮದ ಮನೋವಿಶ್ಲೇಷಣೆ ಈ ಪ್ರದೇಶವನ್ನು ನೇರವಾಗಿ ಮುಟ್ಟಿದ ಗಳಿಗೆ 1938ರ ಆರಂಭದಲ್ಲಿ ಬಂತು. ವಿಜ್ಞಾನ ಕಾಂಗ್ರೆಸ್ಸಿನ ಬೆಳ್ಳಿಹಬ್ಬದ ಅಧಿವೇಶನದ ನಿಮಿತ್ತ ಭಾರತಕ್ಕೆ ಬಂದಿದ್ದ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ದಕ್ಷಿಣಕ್ಕೂ ಬಂದರು. ಮೈಸೂರು ಮಹಾರಾಜರಿಗೆ ವೇದಾಂತದ ಗುರುವಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಂದಿಗೆ ತಾವು ನಡೆಸಿದ ಆಳವಾದ ಮಾತುಕತೆಯನ್ನು ಯೂಂಗ್ ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಆ ಪ್ರವಾಸದಲ್ಲಿ ಅವರು ತಿರುವಣ್ಣಾಮಲೆಯ ರಮಣ ಮಹರ್ಷಿಗಳನ್ನು ಕಾಣಲು ಹೋಗಲಿಲ್ಲ. ಅದರ ಬದಲು ತಿರುವನಂತಪುರದಲ್ಲಿ ಮಹರ್ಷಿಗಳ ಶಿಷ್ಯರೊಬ್ಬರು ಅವರಿಗೆ ಸಿಕ್ಕರು. ಪ್ರಾಥಮಿಕ ಶಾಲೆಯ ಮೇಷ್ಟರ ಅಂತಸ್ತಿನ, ದೊಡ್ಡ ಸಂಸಾರದ ಹೊಣೆ ಹೊತ್ತ ಸರಳ ಮನುಷ್ಯ. ಗುರುವಿನ ಜ್ಞಾನವನ್ನು ಅರಗಿಸಿಕೊಂಡು, ಅದರ ಜೊತೆಗೆ ಲೋಕವನ್ನೂ ಅನುಭವಿಸಿದ ಆ ಶಿಷ್ಯನ ಭೇಟಿಯನ್ನು ಯೂಂಗ್ ಬಹಳ ದೊಡ್ಡದೆಂದು ಭಾವಿಸಿ, ಮುಂದೆ ಭಾರತದ ಸಂತರ ಬಗ್ಗೆ ಬರೆದ ಲೇಖನದಲ್ಲಿ ಕೃತಜ್ಞತೆಯಿಂದ ಸ್ಮರಿಸಿದರು. ರೆಸಿಡೆನ್ಸಿಯ ನೌಕರ ಅಯ್ಯಾವು ಅವರಿಂದ ಈ ಗೃಹಸ್ಥರವರೆಗೆ ತಿರುವನಂತಪುರ ತೋರಿಸಿದ್ದು ಒಂದೇ ಮಾದರಿಯನ್ನು: ದುಡಿಮೆ ಬಿಡದೆ, ಮನೆ ಬಿಡದೆ ನಡೆಸಿದ ಅರಿವಿನ ಹುಡುಕಾಟ.

ಮನುಷ್ಯ ತನ್ನೊಳಗಿನ ಸಾಧ್ಯತೆಗಳನ್ನೆಲ್ಲ ಅರಳಿಸಿಕೊಳ್ಳುವುದು, ಅಂದರೆ ಆತ್ಮಸಾಕ್ಷಾತ್ಕಾರಕ್ಕೆ ಹತ್ತಿರದ ಒಂದು ಪರಿಕಲ್ಪನೆ, ಪಶ್ಚಿಮದ ಮನಶ್ಶಾಸ್ತ್ರದಲ್ಲಿ ಬೇರೂರಿದ್ದು ಕುರ್ಟ್ ಗೋಲ್ಡ್‌ಸ್ಟೈನ್ ಮತ್ತು ಅಬ್ರಹಾಂ ಮಾಸ್ಲೊ ಅವರಿಂದ. ಮಾಸ್ಲೊ 1943ರ ಲೇಖನದಲ್ಲಿ ಅಗತ್ಯಗಳನ್ನು ಶ್ರೇಣಿಯಾಗಿ ಜೋಡಿಸಿದರು: ಅನ್ನ, ನೀರು ಮೊದಲು, ಬಳಿಕ ಭದ್ರತೆ, ಪ್ರೀತಿ, ಗೌರವ, ಸ್ವಂತ ಸಾಧ್ಯತೆಗಳ ಸಾಕಾರ ಕೊನೆಗೆ. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ತನ್ನನ್ನೇ ಮೀರುವ ಹಂತವೊಂದನ್ನು ಅದರಾಚೆ ಇಟ್ಟು ಯೋಚಿಸಿದರು. ನಾರಾಯಣ ಗುರುಗಳ ಚಿಂತನೆ ಇದಕ್ಕೆ ಹೋಲಿಕೆಯಾಗುವಷ್ಟು ಹತ್ತಿರವೂ ಇದೆ, ಮುಖ್ಯವಾದೊಂದು ವಿಷಯದಲ್ಲಿ ಬೇರೆಯೂ ಇದೆ. ಆ ವ್ಯತ್ಯಾಸ ತಿಳಿಯುವುದು ಶಿವಗಿರಿ ಯಾತ್ರೆಯ ವಿಧಾನದಲ್ಲಿ.

ಗುರುಗಳ ಮಠವಿರುವ ವರ್ಕಲದ ಶಿವಗಿರಿಗೆ ವರ್ಷಕ್ಕೊಮ್ಮೆ ಯಾತ್ರೆ ಹೋಗುವ ಆಲೋಚನೆಗೆ ಗುರುಗಳು 1928ರಲ್ಲಿ, ತಾವು ತೀರಿಕೊಂಡ ವರ್ಷದಲ್ಲೇ, ಕೋಟ್ಟಯಂನಲ್ಲಿ ಒಪ್ಪಿಗೆ ಕೊಟ್ಟರು. ಹತ್ತು ದಿನದ ವ್ರತ; ಶರೀರ, ಆಹಾರ, ಮನಸ್ಸು, ಮಾತು, ಕರ್ಮಗಳ ಪಂಚಶುದ್ಧಿ; ಹಳದಿ ಬಟ್ಟೆ; ಆಡಂಬರ ಕೂಡದು. ಯಾತ್ರೆ ಯಾತಕ್ಕೆ ಎಂಬ ಪ್ರಶ್ನೆಗೆ ಅವರು ಎಂಟು ಉದ್ದೇಶಗಳನ್ನು ಹೇಳಿದರು: ವಿದ್ಯಾಭ್ಯಾಸ, ಶುಚಿತ್ವ, ದೇವರ ಭಕ್ತಿ, ಸಂಘಟನೆ, ಕೃಷಿ, ವ್ಯಾಪಾರ, ಕೈಕೆಲಸ, ತಾಂತ್ರಿಕ ತರಬೇತಿ. ಒಂದೊಂದು ವಿಷಯವನ್ನೂ ಬಲ್ಲವರಿಂದ ಉಪನ್ಯಾಸ ಕೊಡಿಸಬೇಕು, ಕೇಳಿದವರು ಅದನ್ನು ನಡೆಸಿ ನೋಡಬೇಕು ಎಂಬುದು ಸೂಚನೆ. ಇಲ್ಲಿ ಹೊಟ್ಟೆಪಾಡು ಕೆಳಗಿನ ಮೆಟ್ಟಿಲಾಗಿ, ಭಕ್ತಿ ಮೇಲಿನ ಮೆಟ್ಟಿಲಾಗಿ ಇಲ್ಲ. ಬೇಸಾಯ ಮತ್ತು ಭಕ್ತಿ ಒಂದೇ ಸಾಲಿನಲ್ಲಿವೆ. ಅನ್ನ, ಭದ್ರತೆ, ಗೌರವ ಎಲ್ಲವನ್ನೂ ಕಸಿದುಕೊಳ್ಳಲಾಗಿದ್ದ ಜನರಿಗೆ ಮೊದಲು ಅವೆಲ್ಲ ಸಿಗಲಿ, ಆಮೇಲೆ ಆತ್ಮವಿಚಾರ ಎಂದಿದ್ದರೆ ಅವರು ಕಾಯುತ್ತಲೇ ಇರಬೇಕಾಗಿತ್ತು. ತಾನು ಯಾರಿಗೂ ಕಡಿಮೆಯಲ್ಲ ಎಂಬ ಅರಿವು ಮೂಡಿದ್ದರಿಂದಲೇ ಅವರು ಶಾಲೆ, ಅಂಗಡಿ, ಹುದ್ದೆಗಳನ್ನು ಕೇಳಿ ಪಡೆದರು. ಆಧುನಿಕ ಸ್ವವಿಕಾಸ ಸಾಹಿತ್ಯ ಈ ಪಾಠವನ್ನು ಕಲಿಯಬೇಕಾಗಿದೆ. 1932ರ ಕೊನೆಗೆ ಇಲವುಂತಿಟ್ಟದಿಂದ ಐವರು ಯುವಕರು ಹೊರಟದ್ದು ಮೊದಲ ಯಾತ್ರೆ. ಈಗ ಪ್ರತಿವರ್ಷ ಡಿಸೆಂಬರ್ 30ರಿಂದ ಜನವರಿ 1ರವರೆಗೆ ಲಕ್ಷಾಂತರ ಜನ ಸೇರುತ್ತಾರೆ.

ಈ ಪರಂಪರೆಯನ್ನು ಆಧುನಿಕ ಜ್ಞಾನದ ಭಾಷೆಗೆ ತಂದವರು ಪಲ್ಪು ಅವರ ಮಗ ನಟರಾಜ ಗುರು. 1895ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು 1923ರಲ್ಲಿ ನೀಲಗಿರಿಯಲ್ಲಿ ನಾರಾಯಣ ಗುರುಕುಲ ಆರಂಭಿಸಿದರು. 1928ರಲ್ಲಿ ಗುರುಗಳ ಆಶೀರ್ವಾದ ಪಡೆದು ಯೂರೋಪಿಗೆ ಹೋಗಿ, ಜಿನೀವಾ ಸರೋವರದ ದಂಡೆಯ ಶಾಲೆಯಲ್ಲಿ ಪಾಠ ಹೇಳುತ್ತ, ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ ಶಿಕ್ಷಣದಲ್ಲಿ ವ್ಯಕ್ತಿತ್ವದ ಪಾತ್ರ. ಜಿನೀವಾದ ಪತ್ರಿಕೆಯಲ್ಲಿ ಅವರು ಗುರುಗಳ ಬಗ್ಗೆ ಬರೆದ ಲೇಖನಗಳನ್ನು ಓದಿ ಫ್ರೆಂಚ್ ಲೇಖಕ ರೊಮೇನ್ ರೋಲಾ ತಮ್ಮ ರಾಮಕೃಷ್ಣರ ಚರಿತ್ರೆಯಲ್ಲಿ ನಾರಾಯಣ ಗುರುಗಳ ಪ್ರಸ್ತಾಪ ಮಾಡಿದರು. ನಟರಾಜ ಗುರುಗಳ ಶಿಷ್ಯ, ಸ್ಕಾಟ್ಲೆಂಡಿನ ಜಾನ್ ಸ್ಪಿಯರ್ಸ್ 1950ರ ದಶಕದಿಂದ ಬೆಂಗಳೂರಿನ ಹೊರವಲಯದಲ್ಲಿ ನೆಲೆಸಿ 'ವ್ಯಾಲ್ಯೂಸ್' ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದರು. ಕನಕಪುರ ರಸ್ತೆಯ ಸೋಮನಹಳ್ಳಿಯ ಗುರುಕುಲ ಆ ಕಾಲದ ಕೊಡುಗೆ.

ಮನಶ್ಶಾಸ್ತ್ರ ಮತ್ತು ಆತ್ಮೋಪದೇಶದ ನಡುವಿನ ಮಾತುಕತೆ ಪೂರ್ಣವಾದದ್ದು ನಿತ್ಯ ಚೈತನ್ಯ ಯತಿಗಳ ಕಾಲದಲ್ಲಿ. 1924ರಲ್ಲಿ ಹುಟ್ಟಿದ ಯತಿಗಳು ಆಲುವದ ಯೂನಿಯನ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, ಕೊಲ್ಲಂ ಮತ್ತು ಮದ್ರಾಸಿನ ಕಾಲೇಜುಗಳಲ್ಲಿ ಕಲಿಸಿ, ನಟರಾಜ ಗುರುಗಳ ಶಿಷ್ಯರಾದರು. ಅಮೆರಿಕದ ವಿದ್ಯಾರ್ಥಿಗಳ ಎದುರು ಆತ್ಮೋಪದೇಶಶತಕವನ್ನು ಪದ್ಯದಿಂದ ಪದ್ಯಕ್ಕೆ ವಿವರಿಸಿದ ಅವರ ಪಾಠಗಳು ಪುಸ್ತಕವಾಗಿ ಬಂದಿವೆ. ದರ್ಶನಮಾಲಾಕ್ಕೆ ಮನಶ್ಶಾಸ್ತ್ರದ ನೆಲೆಯಿಂದ ಬರೆದ ವ್ಯಾಖ್ಯಾನದಲ್ಲಿ ಫ್ರಾಯ್ಡ್ ಮತ್ತು ಯೂಂಗ್ ಅವರೊಂದಿಗೆ ವಾದವೂ ಇದೆ, ಸ್ನೇಹವೂ ಇದೆ. ನೂರಕ್ಕೂ ಹೆಚ್ಚು ಪುಸ್ತಕಗಳ ಜೊತೆಗೆ, ಸಂಕಟ ಹೇಳಿಕೊಂಡು ಬರೆದ ಮಲಯಾಳಿ ಓದುಗರಿಗೆ ಅವರು ಬರೆದ ಉತ್ತರಗಳು ಲೆಕ್ಕವಿಲ್ಲದಷ್ಟು. ಹಿರಿಯ ಚಿಂತಕರೊಬ್ಬರು ಅಪರಿಚಿತರ ಖಿನ್ನತೆ, ದಾಂಪತ್ಯದ ಕಲಹ, ಪರೀಕ್ಷೆಯ ಭಯಗಳಿಗೂ ಸಮಯ ಕೊಟ್ಟದ್ದು ಆತ್ಮೋಪದೇಶದ ನೀತಿಗೆ ತಕ್ಕದ್ದೇ ಆಗಿತ್ತು.

ಯತಿಗಳು 1999ರ ಮೇ ತಿಂಗಳಲ್ಲಿ ನೀಲಗಿರಿಯ ಫರ್ನ್‌ಹಿಲ್ ಗುರುಕುಲದಲ್ಲಿ ತೀರಿಕೊಂಡರು. ಅವರ ನಂತರ ಗುರುಕುಲದ ಹೊಣೆ ವರ್ಕಲದ ಮುನಿ ನಾರಾಯಣ ಪ್ರಸಾದ್ ಅವರಿಗೆ ಬಂತು. ಉಪನಿಷತ್ತುಗಳಿಗೂ ನಾರಾಯಣ ಗುರುಗಳ ಕೃತಿಗಳಿಗೂ ವ್ಯಾಖ್ಯಾನ ಬರೆದ ಅವರಿಗೆ 2024ರಲ್ಲಿ ಪದ್ಮಶ್ರೀ ಸಂದಿತು.