ಮೈಸೂರಿನ ಬಾಣ: ಕಬ್ಬಿಣದ ಕೊಳವೆಯ ಕಥೆ

ನಂಜನಗೂಡಿನಿಂದ ಕೆಳಕ್ಕೆ ಹರಿಯುವ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಗೆ ಹತ್ತಿರದ ಸೋಸಲೆಯ ಬಳಿ, 1799ರ ಮಾರ್ಚ್ ಕೊನೆಯಲ್ಲಿ, ಜನರಲ್ ಹ್ಯಾರಿಸ್‌ನ ಸೈನ್ಯ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದತ್ತ ನಡೆಯಿತು. ಏಪ್ರಿಲ್ 5ರ ರಾತ್ರಿ ಕೋಟೆಯ ಸಮೀಪದ ಸುಲ್ತಾನಪೇಟೆ ತೋಪಿಗೆ ನುಗ್ಗಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ತುಕಡಿ, ಕತ್ತಲಲ್ಲಿ ಎರಗಿದ ಬಾಣ ಮತ್ತು ತುಪಾಕಿ ಗುಂಡುಗಳಿಗೆ ಸಿಕ್ಕಿ ಚದುರಿ ಹಿಮ್ಮೆಟ್ಟಿತು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಇವನೇ. ಬಾಣವೆಂದರೆ ಇಲ್ಲಿ ಬಿಲ್ಲಿನದಲ್ಲ, ರಾಕೆಟ್.

ರಾಕೆಟ್ಟನ್ನು ಕಂಡುಹಿಡಿದವನು ಟಿಪ್ಪು ಎಂಬ ಉತ್ತರ ತರಗತಿಯಲ್ಲಿ ಆಗಾಗ ಬರುತ್ತದೆ. ಅದು ತಪ್ಪು. ಚೀನೀಯರು ಶತಮಾನಗಳ ಮೊದಲೇ ಅದನ್ನು ಬಳಸಿದ್ದರು; ಭಾರತದಲ್ಲಿ ಮೊಗಲರಿಗೂ ಅದು ಗೊತ್ತಿತ್ತು. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮದ್ದೂ ಹೊಸದಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದ ಹೊಸತನವಿದ್ದದ್ದು ಮದ್ದು ತುಂಬುವ ಕೊಳವೆಯಲ್ಲಿ.

ಕಾಗದ ಅಥವಾ ಬಿದಿರಿನ ಕೊಳವೆಯಲ್ಲಿ ಅನಿಲದ ಒತ್ತಡ ಸ್ವಲ್ಪ ಏರಿದರೂ ಅದು ಸಿಡಿದುಹೋಗುತ್ತದೆ. ಕೊಳವೆಯ ಗೋಡೆಯ ಮೇಲಿನ ಪೀಡನ, ಒತ್ತಡ ಹಾಗೂ ತ್ರಿಜ್ಯಗಳ ಗುಣಲಬ್ಧವನ್ನು ಗೋಡೆಯ ದಪ್ಪದಿಂದ ಭಾಗಿಸಿದಷ್ಟು. ಮೆದು ಕಬ್ಬಿಣ ಇದನ್ನು ಬಹುಪಾಲು ಹೆಚ್ಚು ತಡೆಯಬಲ್ಲದು. ಮದ್ದನ್ನು ಬಿಗಿಯಾಗಿ ಗಿಡಿಯಬಹುದು. ಒತ್ತಡ ಹೆಚ್ಚಿದಂತೆ ಅದು ಬೇಗ ಉರಿಯುತ್ತದೆ, ನೂಕುಬಲವೂ ಹೆಚ್ಚುತ್ತದೆ. ಬಾಣಗಳು ಒಂದು ಕಿಲೋಮೀಟರಿಗೂ ಮೀರಿ ಹಾರಲು ಇದೇ ಕಾರಣ. ಇಂಗ್ಲೆಂಡಿನ ವುಲಿಚ್‌ನಲ್ಲಿ ಉಳಿದ ಎರಡು ಮಾದರಿಗಳಲ್ಲಿ ಒಂದರ ಕೊಳವೆ ಸುಮಾರು 25 ಸೆಂ.ಮೀ. ಉದ್ದ, 6 ಸೆಂ.ಮೀ. ವ್ಯಾಸ, ಅದನ್ನು ಸುಮಾರು ಒಂದು ಮೀಟರ್ ಉದ್ದದ ಕತ್ತಿಯ ಅಲಗಿಗೆ ತೊಗಲಿನ ಪಟ್ಟಿಯಿಂದ ಬಿಗಿದಿದೆ. ಇನ್ನೊಂದಕ್ಕೆ ಸುಮಾರು 1.9 ಮೀಟರಿನ ಬಿದಿರು ಕೋಲು. ಬಾಣ ದಿಕ್ಕು ತಪ್ಪದಂತೆ ನೋಡಿಕೊಳ್ಳುವುದು ಈ ಬಾಲದ ಕೆಲಸ.

ಇನ್ನೊಂದು ಅನುಕೂಲ ವಿದ್ಯಾರ್ಥಿಗಳು ಗಮನಿಸಬೇಕಾದದ್ದು. ಭಾರತೀಯ ಸೈನ್ಯ 1990ರ ದಶಕದಿಂದ ಬಳಸಿದ ಇನ್ಸಾಸ್ ರೈಫಲ್ಲಿನಲ್ಲಿ ಸುಮಾರು 4 ಗ್ರಾಂ ಗುಂಡು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಹೊರಟರೆ, 4 ಕಿ.ಗ್ರಾಂ. ರೈಫಲ್ ಸೆಕೆಂಡಿಗೆ 0.9 ಮೀಟರ್ ವೇಗದಲ್ಲಿ ಭುಜವನ್ನು ಗುದ್ದುತ್ತದೆ. ಫಿರಂಗಿಯಲ್ಲಿ ಈ ಹಿನ್ನೆಗೆತ ಎಷ್ಟಿರಬಹುದೆಂದು ಊಹಿಸಿ. ಅದಕ್ಕೆಂದೇ ಭಾರದ ಗಾಡಿ, ಎಳೆಯಲು ಎತ್ತುಗಳು. ರಾಕೆಟ್ಟಿನಲ್ಲಿ ಸಂವೇಗವನ್ನು ಹಿಂದಕ್ಕೆ ಒಯ್ಯುವುದು ಅನಿಲವೇ. ಹಾಗಾಗಿ ಒಬ್ಬ ಸಿಪಾಯಿ ಕೈಯಲ್ಲಿ ಹೊತ್ತು ಎಲ್ಲಿಂದ ಬೇಕಾದರೂ ಹಾರಿಸಬಹುದಿತ್ತು. ಟಿಪ್ಪುವಿನ ಒಂದೊಂದು ಕುಶೂನ್ ದಳಕ್ಕೆ ಸುಮಾರು 200 ಮಂದಿ ಬಾಣದವರಿದ್ದರು. ಗುರಿ ಮಾತ್ರ ಅಷ್ಟಕ್ಕಷ್ಟೆ; ಕುದುರೆಗಳನ್ನು ಬೆದರಿಸಲು, ಮದ್ದಿನ ಬಂಡಿಗೆ ಕಿಡಿ ತಗುಲಿಸಲು ಅದು ಸಾಕಿತ್ತು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಮದ್ದಿನ ಬಂಡಿಗಳು ಸಿಡಿದದ್ದು ಬಾಣಗಳಿಂದಲೇ ಎಂದು ಹಲವರು ಬರೆದಿದ್ದಾರೆ.

ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಣಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ 1804ರ ಸುಮಾರಿಗೆ ಪ್ರಯೋಗ ಆರಂಭಿಸಿದ. ಮದ್ದಿನ ಪ್ರಮಾಣ, ಕೊಳವೆಯ ಅಳತೆ, ಕೋಲಿನ ಉದ್ದ ಎಲ್ಲವನ್ನೂ ಬದಲಿಸಿ ಬದಲಿಸಿ ಹಾರಿಸಿ, ಫಲಿತಾಂಶ ಬರೆದಿಟ್ಟ. 1807ರಲ್ಲಿ ಕೋಪನ್‌ಹೇಗನ್ ಅವುಗಳಿಂದ ಉರಿಯಿತು. ನಮ್ಮ ಕುಶಲಕರ್ಮಿಗಳ ಅಳತೆಗಳು ಕೈಯಲ್ಲಿದ್ದವು, ಕಾಗದದಲ್ಲಿರಲಿಲ್ಲ ಎಂದು ನನಗನ್ನಿಸುತ್ತದೆ. ಈ ಎರಡೂ ದೇಶಗಳ ಕಥೆಯನ್ನು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲಿ ವಿವರವಾಗಿ ಬರೆದರು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದ ಬಳಿ, ಒಣಗಿದ ಬಾವಿಯೊಂದರ ಕೆಸರಿನಿಂದ ಸಾವಿರಕ್ಕೂ ಹೆಚ್ಚು ಇಂಥ ಕೊಳವೆಗಳನ್ನು ಪುರಾತತ್ತ್ವ ಇಲಾಖೆಯವರು ಹೊರತೆಗೆದರು. ಹೆಚ್ಚಿನವು 23ರಿಂದ 26 ಸೆಂ.ಮೀ. ಉದ್ದ, ತುಕ್ಕು ಹಿಡಿದಿದ್ದರೂ ಒಳಗೆ ಮದ್ದು ಇನ್ನೂ ಉಳಿದಿತ್ತು.