ಪ್ರತಿಗೆ ಅನುಮತಿ: ಮೂಡಬಿದಿರೆಯ ಓಲೆಗಳಿಂದ ಸ್ಕ್ಯಾನರಿನವರೆಗೆ

ಪುಷ್ಪದಂತ-ಭೂತಬಲಿಗಳ ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಪೂರೈಸಿದ ಧವಲಾ ಟೀಕೆಯ ಪ್ರಾಚೀನ ತಾಳೆಯೋಲೆಗಳು ಉಳಿದುಬಂದುದು ಮೂಡಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿಯೇ. ಶತಮಾನಗಳ ಕಾಲ ಅವು ದರ್ಶನಕ್ಕೆ ಮೀಸಲಾಗಿದ್ದವೇ ಹೊರತು ಅಧ್ಯಯನಕ್ಕಲ್ಲ. 19ನೆಯ ಶತಮಾನದ ಕೊನೆಗೆ ಪ್ರತಿ ಮಾಡಿಸುವ ಕಾರ್ಯ ಆರಂಭವಾದಾಗಲೂ ಪ್ರತಿಗಳು ಹೊರಗೆ ಹೋಗಬಾರದೆಂಬ ನಿರ್ಬಂಧವಿತ್ತು. ಆದರೂ ಗುಪ್ತವಾಗಿ ಸಿದ್ಧವಾದ ಕನ್ನಡ ಲಿಪಿಯ ಪ್ರತಿಯೊಂದು ಸಹಾರನ್‌ಪುರವನ್ನು ಸೇರಿತು. ಅದರಿಂದ ನಾಗರಿ ಪ್ರತಿಗಳು ಹರಡಿದವು. ಹೀಗೆ ಪ್ರತಿಯ ಪ್ರತಿಗಳನ್ನು ಆಧರಿಸಿಯೇ ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಹೊರತರಬೇಕಾಯಿತು. ಮೂಲದೊಡನೆ ಪಾಠ ಹೋಲಿಸುವ ಅವಕಾಶ ಅನಂತರ ದೊರೆಯಿತು; ಹದಿನಾರನೆಯ ಸಂಪುಟ ಪ್ರಕಟವಾದುದು 1958ರಲ್ಲಿ.

ಅನುಮತಿಯ ಈ ಪ್ರಶ್ನೆ ಇಂದು ಯಂತ್ರದ ರೂಪದಲ್ಲಿ ಎದುರಾಗುತ್ತದೆ. ಶಿಥಿಲವಾದ ಗರಿಗಳನ್ನು ಗಾಜಿಗೆ ಒತ್ತುವುದು ಸಲ್ಲದು. ಕಾಗದದ ಪ್ರತಿಗಳಿಗಾಗಿ ಒಂದೇ ಸ್ಕ್ಯಾನರನ್ನು ಭಂಡಾರದ ಹಲವು ಕಂಪ್ಯೂಟರುಗಳಿಗೆ ಹಂಚಿಕೊಡಬಹುದು. ‘ಸೇನ್’ ತಂತ್ರಾಂಶದ ಸೇವೆಯು 6566ನೆಯ ಪೋರ್ಟಿನಲ್ಲಿ ಕಾದಿದ್ದು, ಅನುಮತಿಯ ಕಡತದಲ್ಲಿ ವಿಳಾಸವಿರುವ ಕಂಪ್ಯೂಟರಿಗಷ್ಟೇ ಓಗೊಡುತ್ತದೆ. ಚಿತ್ರಗಳು ಗೂಢಲಿಪಿಯ ರಕ್ಷಣೆಯಿಲ್ಲದೆ ಸಾಗುವುದರಿಂದ ಈ ಸೇವೆಯನ್ನು ಸಂಸ್ಥೆಯ ಒಳಜಾಲದಲ್ಲಿಯೇ ಇರಿಸತಕ್ಕದ್ದು. ಅರಸೀಕೆರೆ ಸೀಮೆಯ ಗಂಡಸಿಯಂತಹ ದೂರದ ಊರಿನ ಅಭ್ಯಾಸಿಗೆ ಸಲ್ಲಬೇಕಾದುದು ಯಂತ್ರವಲ್ಲ, ಅದು ತೆಗೆದ ಚಿತ್ರ.

ಮುಂಬಾಗಿಲು ಪೂರ್ಣವಾಗಿ ಮುಚ್ಚಿದರೆ ಗ್ರಂಥವು ಹಿತ್ತಿಲಿನಿಂದ ಹೊರಬೀಳುತ್ತದೆ, ಪಾಠಶುದ್ಧಿಗೆ ಮೂಲದ ಆಸರೆಯಿಲ್ಲದೆ. ಯಾರಿಗೆ ಅನುಮತಿಯೆಂಬುದನ್ನು ಬರೆದಿಟ್ಟು, ಕಾಲಕಾಲಕ್ಕೆ ಪರಿಷ್ಕರಿಸುವುದೇ ಗ್ರಂಥರಕ್ಷಣೆಯ ಸರಿಯಾದ ಮಾರ್ಗ.